ಕೂಸಿನ ಡೈಪರ್ ಪರೀಕ್ಷಿಸಿ ಹೋಲಿಸುವುದು ಹೇಗೆ: ಕಲಬುರಗಿಯ ಬಿಸಿಲಿಗೆ ಒಂದು ಸಮಗ್ರ ಮಾರ್ಗದರ್ಶಿ

ಕಲಬುರಗಿಯ ಸೂಪರ್ ಮಾರ್ಕೆಟ್ ಆಸುಪಾಸಿನ ಯಾವ ಮೆಡಿಕಲ್ ಅಂಗಡಿಗೆ ಹೋದರೂ ಪ್ಯಾಂಪರ್ಸ್, ಮ್ಯಾಮಿಪೋಕೊ, ಹಗ್ಗೀಸ್‌ನಂಥ ಪ್ಯಾಕುಗಳು ಎದುರಿಗೇ ಜೋಡಿಸಿರುತ್ತವೆ. ಎಲ್ಲದರ ಮೇಲೂ ಒಣ, ಮೃದು, ಸೋರುವುದಿಲ್ಲ ಎಂಬ ಮಾತು. ಒಂದರ ಬೆಲೆ ಮಾತ್ರ ಇನ್ನೊಂದರ ಒಂದೂವರೆ ಪಟ್ಟು. ಆ ಹೆಚ್ಚಿನ ದುಡ್ಡಿಗೆ ಏನು ಸಿಗುತ್ತಿದೆ ಎಂದು ತಿಳಿಯಲು ದೊಡ್ಡ ಪ್ರಯೋಗಾಲಯವೇ ಬೇಕಿಲ್ಲ. ಉಪ್ಪು, ತಕ್ಕಡಿ, ಸಿರಿಂಜ್, ಒಂದು ಭಾರ ಮತ್ತು ತಾಳ್ಮೆ ಇದ್ದರೆ ಪ್ರಯೋಗಾಲಯದಲ್ಲಿ ನಡೆಯುವ ಮುಖ್ಯ ಪರೀಕ್ಷೆಗಳನ್ನು ಮನೆಯಲ್ಲೇ ಮಾಡಬಹುದು.

ಮೊದಲೇ ಹೇಳಿಬಿಡುತ್ತೇವೆ: ಡೈಪರ್ ಒಟ್ಟು ಎಷ್ಟು ನೀರು ಕುಡಿಯುತ್ತದೆ ಎಂಬ ಅಂಕಿಗೆ ಬೆಲೆ ಕಡಿಮೆ. ಕೂಸು ಎರಡನೇ, ಮೂರನೇ ಸಲ ಉಚ್ಚೆ ಹೊಯ್ದ ಮೇಲೆ, ಅದರ ಭಾರ ಡೈಪರ್ ಮೇಲೆ ಬಿದ್ದಾಗ, ಎಷ್ಟು ತೇವ ಮರಳಿ ಚರ್ಮಕ್ಕೆ ಬರುತ್ತದೆ ಎಂಬುದನ್ನು ಅಳೆಯಬೇಕು. ಏಪ್ರಿಲ್–ಮೇನಲ್ಲಿ 40 ಡಿಗ್ರಿ ದಾಟುವ ಊರಲ್ಲಿ ದದ್ದು ಏಳದಿರಲೂ ಕೂಸು ನಿದ್ದೆ ಮಾಡಲೂ ಚರ್ಮ ಒಣಗಿರುವುದೇ ಆಧಾರ.

ಡೈಪರ್ ಒಳಗೆ ಏನಿರುತ್ತದೆ

ಪರೀಕ್ಷೆಗೆ ಕೂಡುವ ಮೊದಲು ಪ್ರತಿ ಕಂಪನಿಯದೂ ಒಂದೊಂದು ಡೈಪರ್ ಕತ್ತರಿಸಿ ನೋಡಿ. ಚರ್ಮಕ್ಕೆ ತಾಗುವ ಮೇಲ್ಪದರ ಪಾಲಿಪ್ರೊಪಿಲೀನ್ ಎಳೆಗಳ ನೇಯದ ಬಟ್ಟೆ. ಅದರ ಕೆಳಗೆ, ನಡುವಿನಲ್ಲಿ, ಅಂಗೈ ಅಗಲದ ಇನ್ನೊಂದು ಪಟ್ಟಿ ಇರುತ್ತದೆ. ಇದು ರಭಸದಿಂದ ಬಂದ ಉಚ್ಚೆಯನ್ನು ತಕ್ಷಣ ಹಿಡಿದು ಮುಂದಕ್ಕೂ ಹಿಂದಕ್ಕೂ ಹರಡುವ ಪದರ. ಅಗ್ಗದ ಡೈಪರ್‌ಗಳಲ್ಲಿ ಈ ಪಟ್ಟಿ ತೀರಾ ಚಿಕ್ಕದಿರಬಹುದು, ಇಲ್ಲದೆಯೂ ಇರಬಹುದು. ಅದರ ಕೆಳಗೆ ತಿರುಳು: ಮರದ ನಾರಿನ ಹತ್ತಿಯಂಥ ತುಪ್ಪಳ ಮತ್ತು ಸೋಡಿಯಂ ಪಾಲಿಅಕ್ರಿಲೇಟ್ ಎಂಬ ಬಿಳಿ ಹರಳುಪುಡಿ. ಈ ಪುಡಿಯೇ ಉಚ್ಚೆಯನ್ನು ಜೆಲ್ ಮಾಡಿ ಹಿಡಿದಿಡುವುದು. ಹೊರಗಿನದು ಪ್ಲಾಸ್ಟಿಕ್ ಪದರ. ಒಳ್ಳೆಯವುಗಳಲ್ಲಿ ಇದರಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿದ್ದು, ಆವಿ ಹೊರಹೋಗುತ್ತದೆ, ನೀರು ಹೋಗುವುದಿಲ್ಲ. ತೊಡೆಯ ಎರಡೂ ಬದಿ ಎದ್ದು ನಿಲ್ಲುವ ಒಳ ನೆರಿಗೆ ನೀರನ್ನು ಹೀರದ ಬಟ್ಟೆಯದು. ಸೋರಿಕೆಗೆ ಕೊನೆಯ ತಡೆ ಇದೇ.

ತಿರುಳನ್ನು ಜಿಪ್ ಇರುವ ಪಾರದರ್ಶಕ ಕವರಿಗೆ ಹಾಕಿ ಎರಡು ನಿಮಿಷ ಜೋರಾಗಿ ಅಲ್ಲಾಡಿಸಿ. ಹರಳುಪುಡಿ ಕೆಳಗೆ ಬೀಳುತ್ತದೆ, ತುಪ್ಪಳ ಮೇಲುಳಿಯುತ್ತದೆ. ಪುಡಿಯನ್ನು ತೂಗಿ ಬರೆದುಕೊಳ್ಳಿ. ಈ ಕೆಲಸಕ್ಕೆ ಮಾಸ್ಕ್ ಹಾಕಿಕೊಳ್ಳಿ, ಫ್ಯಾನ್ ಆರಿಸಿ, ಕೂಸನ್ನು ಬೇರೆ ಕೋಣೆಯಲ್ಲಿಡಿ. ಪುಡಿ ಮೂಗಿಗೆ, ಕಣ್ಣಿಗೆ ಹೋಗಬಾರದು.

ಉಪ್ಪುನೀರು ಯಾಕೆ ಬೇಕು

ಅಂಗಡಿಯಲ್ಲಿ, ಜಾಹೀರಾತಿನಲ್ಲಿ ನೀಲಿ ನೀರು ಸುರಿದು ತೋರಿಸುವುದನ್ನು ಎಲ್ಲರೂ ನೋಡಿರುತ್ತಾರೆ. ಮನೆಯಲ್ಲಿ ಅದನ್ನೇ ಸಾದಾ ನೀರಿನಿಂದ ಮಾಡಿದರೆ ಫಲಿತಾಂಶ ಪೂರ್ತಿ ದಾರಿ ತಪ್ಪುತ್ತದೆ. ಲವಣವಿಲ್ಲದ ಶುದ್ಧ ನೀರನ್ನು ಈ ಹರಳುಪುಡಿ ತನ್ನ ತೂಕದ ನೂರಾರು ಪಟ್ಟು ಹೀರುತ್ತದೆ. ಉಪ್ಪಿನಂಶವಿರುವ ಉಚ್ಚೆಯನ್ನು ಹೀರುವುದು ಸುಮಾರು 30ರಿಂದ 50 ಪಟ್ಟು ಮಾತ್ರ. ಹರಳಿನ ಒಳಗೂ ಹೊರಗೂ ಸೋಡಿಯಂ ಇದ್ದಾಗ ನೀರನ್ನು ಒಳಗೆಳೆಯುವ ಬಲ ಕುಗ್ಗುತ್ತದೆ, ಅದಕ್ಕೆ ಹೀಗೆ.

ನಮ್ಮ ಭಾಗದ ಬೋರ್‌ವೆಲ್ ನೀರಿನದು ಇನ್ನೊಂದು ತೊಂದರೆ. ಗಡಸು ನೀರಿನ ಕ್ಯಾಲ್ಸಿಯಂ ಆ ಜೆಲ್‌ನ ಸರಪಳಿಗಳನ್ನು ಒಂದಕ್ಕೊಂದು ಬಿಗಿದು ಕಟ್ಟಿಬಿಡುತ್ತದೆ. ಆಗ ಒಳ್ಳೆಯ ಡೈಪರ್ ಕೂಡ ಕಡಿಮೆ ಹೀರಿದಂತೆ ಕಾಣುತ್ತದೆ. ಆದ್ದರಿಂದ ಆರ್‌ಒ ನೀರು ಇಲ್ಲವೇ ಡಿಸ್ಟಿಲ್ಡ್ ನೀರನ್ನೇ ತೆಗೆದುಕೊಳ್ಳಿ.

ಒಂದು ಲೀಟರ್ ದ್ರಾವಣಕ್ಕೆ 9 ಗ್ರಾಂ ಪುಡಿ ಉಪ್ಪು. ತೂಗಲು ಆಗದಿದ್ದರೆ ಸಮಗೊಳಿಸಿದ ಒಂದೂವರೆ ಟೀ ಚಮಚ. ಇದು 0.9% ದ್ರಾವಣ, ಪ್ರಯೋಗಾಲಯಗಳಲ್ಲೂ ಇದನ್ನೇ ಬಳಸುತ್ತಾರೆ. ಸೋರಿದ್ದು ಕಣ್ಣಿಗೆ ಕಾಣಲು ಅಡುಗೆ ಬಣ್ಣ ಎರಡೇ ಹನಿ. ಬಳಸುವಾಗ ದ್ರಾವಣ 37 ಡಿಗ್ರಿ ಇರಬೇಕು, ಮಣಿಕಟ್ಟಿನ ಮೇಲೆ ಹಾಕಿಕೊಂಡರೆ ತಣ್ಣಗೂ ಬಿಸಿಯೂ ಅನ್ನಿಸಬಾರದು. ಮೇ ತಿಂಗಳಲ್ಲಿ ಕೋಣೆಯಲ್ಲಿಟ್ಟ ನೀರೇ ಹೆಚ್ಚುಕಡಿಮೆ ಅಷ್ಟು ಬೆಚ್ಚಗಿರುತ್ತದೆ. ಡಿಸೆಂಬರ್‌ನಲ್ಲಿ ಬೀದರ್ ಕಡೆಯವರು ಸ್ವಲ್ಪ ಕಾಯಿಸಿಕೊಳ್ಳಲೇಬೇಕು.

ಜೋಡಿಸಿಕೊಳ್ಳಬೇಕಾದ ಸಾಮಾನು

ಎರಡು ತಕ್ಕಡಿ ಬೇಕು. 1 ಗ್ರಾಂ ನಿಖರತೆಯ, 5 ಕೆಜಿವರೆಗೆ ತೂಗುವ ಅಡುಗೆ ಮನೆಯ ಡಿಜಿಟಲ್ ತಕ್ಕಡಿ ಒಂದು. 0.1 ಗ್ರಾಂ ಅಥವಾ ಅದಕ್ಕೂ ಸೂಕ್ಷ್ಮವಾದ ಚಿಕ್ಕ ಜೇಬು ತಕ್ಕಡಿ ಇನ್ನೊಂದು. ಮೆಡಿಕಲ್‌ನಲ್ಲಿ ಸಿಗುವ 50 ಮಿಲಿ ಸಿರಿಂಜ್, ಸೂಜಿ ಬೇಡ. ಒಂದು ಇಂಚಿನ ಪಿವಿಸಿ ಪೈಪಿನ 10 ಸೆಂ.ಮೀ. ತುಂಡು, ಅದರ ಅಂಚನ್ನು ಸ್ಯಾಂಡ್ ಪೇಪರ್‌ನಿಂದ ಉಜ್ಜಿ ನುಣುಪು ಮಾಡಿರಬೇಕು, ಇಲ್ಲದಿದ್ದರೆ ಮೇಲ್ಪದರ ಹರಿಯುತ್ತದೆ. ಕಾಲೇಜು ಪ್ರಯೋಗಾಲಯಗಳಿಗೆ ಸಾಮಾನು ಮಾರುವ ಅಂಗಡಿಯಲ್ಲಿ ಫಿಲ್ಟರ್ ಪೇಪರ್ ಹಾಳೆ ಸಿಗುತ್ತದೆ. ಅದನ್ನು 10×10 ಸೆಂ.ಮೀ. ಚೌಕಗಳಾಗಿ ಕತ್ತರಿಸಿಡಿ. ಟಿಶ್ಯೂ ಪೇಪರ್ ಆಗಬಹುದು, ಆದರೆ ಕೊನೆಯವರೆಗೂ ಒಂದೇ ಪ್ಯಾಕಿನದಿರಬೇಕು.

ಭಾರಕ್ಕೆ ನಮ್ಮ ಊರಿನದೇ ಉಪಾಯವಿದೆ. ಫರ್ಶಿ ಕತ್ತರಿಸುವವರ ಬಳಿ ಶಹಾಬಾದ್ ಕಲ್ಲಿನ 10×10 ಸೆಂ.ಮೀ. ತುಂಡೊಂದನ್ನು ಕೊಯ್ಸಿ, ಅಂಚು ಉಜ್ಜಿಸಿ, ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ. ಅದರ ಮೇಲೆ ತೊಗರಿಬೇಳೆ ತುಂಬಿದ ಬಟ್ಟೆ ಚೀಲ ಇಡಿ. ಕಲ್ಲು, ಬೇಳೆ ಕೂಡಿ 3.5 ಕೆಜಿ ಆಗಬೇಕು. ಆಗ ಬೀಳುವ ಒತ್ತಡ, ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಲೆಕ್ಕದಲ್ಲಿ, ಸುಮಾರು 0.5 ಪಿಎಸ್‌ಐ. ಹರಳುಪುಡಿಯನ್ನು ಒತ್ತಡದಲ್ಲಿ ಪರೀಕ್ಷಿಸುವ ಪ್ರಯೋಗಾಲಯಗಳು ಸಾಮಾನ್ಯವಾಗಿ 0.3 ಅಥವಾ 0.7 ಪಿಎಸ್‌ಐ ಇಡುತ್ತವೆ, ನಮ್ಮದು ಅವೆರಡರ ನಡುವೆ ಕೂಡುತ್ತದೆ.

ಹೋಲಿಸುವ ಡೈಪರ್‌ಗಳೆಲ್ಲ ಒಂದೇ ಅಳತೆಯವು, ಒಂದೇ ಬಗೆಯವು ಇರಲಿ. ಪ್ಯಾಂಟ್ ಮಾದರಿಯನ್ನು ಟೇಪ್ ಮಾದರಿಯೊಂದಿಗೆ ಹೋಲಿಸಬೇಡಿ. ಮನೆ ಪರೀಕ್ಷೆಗೆ ಪ್ರತಿ ಕಂಪನಿಯದು ಏಳು ಬೇಕು: ಕತ್ತರಿಸಲು ಒಂದು, ಹೀರುವ ವೇಗ ಮತ್ತು ಮರಳುವ ತೇವಕ್ಕೆ ಮೂರು, ಸೋರಿಕೆಗೆ ಎರಡು, ನೆನೆಸಲು ಒಂದು. ಉಳಿದವು ಕೂಸಿಗೆ.

ಮೊದಲು ಒಣ ತೂಕ

ಏಳನ್ನೂ ಒಂದೊಂದಾಗಿ ತೂಗಿ, ಅಂಚಿನಲ್ಲಿ ಪೆನ್ನಿನಿಂದ ಬರೆಯಿರಿ. ಒಂದೇ ಪ್ಯಾಕಿನ ಡೈಪರ್‌ಗಳ ತೂಕದಲ್ಲಿ 10%ಕ್ಕಿಂತ ಹೆಚ್ಚು ವ್ಯತ್ಯಾಸ ಕಂಡರೆ ತಿರುಳು ಸಮನಾಗಿ ಬಿದ್ದಿಲ್ಲ ಎಂದು ಅರ್ಥ. ಅಂಥ ಪ್ಯಾಕಿನಲ್ಲಿ ನಾಲ್ಕು ಚೆನ್ನಾಗಿದ್ದು ಐದನೆಯದು ಸೋರುತ್ತದೆ. ತಾಯಂದಿರು “ಇದನ್ನ ನಂಬಲಿಕ್ಕೆ ಆಗೋದಿಲ್ಲ” ಎನ್ನುವುದು ಹೆಚ್ಚಾಗಿ ಇಂಥ ಮಾಲಿಗೇ.

ಏರ್ ಕೂಲರ್ ಓಡುತ್ತಿರುವ ಕೋಣೆಯಲ್ಲಿ ಪ್ಯಾಕ್ ಬಿಚ್ಚಿಡಬೇಡಿ. ಹರಳುಪುಡಿ ಗಾಳಿಯ ತೇವವನ್ನೂ ಎಳೆದುಕೊಂಡು ಒಣ ತೂಕವನ್ನು ಕೆಡಿಸುತ್ತದೆ. ಎಲ್ಲ ಕಂಪನಿಗಳ ಪರೀಕ್ಷೆ ಒಂದೇ ದಿನ, ಒಂದೇ ಕೋಣೆಯಲ್ಲಿ, ಬೆಳಗಿನ ಹೊತ್ತಿನಲ್ಲಿ ಮುಗಿಯಬೇಕು.

ಎಷ್ಟು ಮಿಲಿ ಹಾಕಬೇಕು

ಕೂಸಿನ ತೂಕದ ಪ್ರತಿ ಕೆಜಿಗೆ ತಾಸಿಗೆ 1ರಿಂದ 3 ಮಿಲಿ ಉಚ್ಚೆ ಎಂದು ಲೆಕ್ಕ ಹಿಡಿಯಿರಿ. 8 ಕೆಜಿಯ ಕೂಸಿಗೆ ಹತ್ತು ತಾಸಿನ ರಾತ್ರಿಯಲ್ಲಿ 80ರಿಂದ 240 ಮಿಲಿ ಆಗುತ್ತದೆ. ಹೊಸದಾಗಿ ಹುಟ್ಟಿದ ಕೂಸಿನ ಡೈಪರ್‌ಗೆ ಒಂದು ಸಲಕ್ಕೆ 20 ಮಿಲಿ, ಎಸ್ ಅಳತೆಗೆ 30, ಎಂ ಅಳತೆಗೆ 50, ಎಲ್ ಮತ್ತು ಮೇಲಿನವಕ್ಕೆ 60 ಮಿಲಿ ಹಾಕಿ. ಹಗಲಿನ ಲೆಕ್ಕಕ್ಕೆ ಮೂರು ಸಲ, ರಾತ್ರಿಯ ಲೆಕ್ಕಕ್ಕೆ ನಾಲ್ಕು ಸಲ.

ಎಲ್ಲಿ ಸುರಿಯುತ್ತೀರಿ ಎಂಬುದೂ ಮುಖ್ಯ. ಗಂಡುಕೂಸಿನ ಉಚ್ಚೆ ಮುಂಭಾಗಕ್ಕೆ ಬೀಳುತ್ತದೆ, ಹೆಣ್ಣುಕೂಸಿನದು ನಡುವಿಗೆ. ಆದ್ದರಿಂದ ಗಂಡುಕೂಸಿಗಾದರೆ ತಿರುಳಿನ ಮುಂದಿನ ಅಂಚಿನಿಂದ ಮೂರನೇ ಒಂದು ಭಾಗದಲ್ಲಿ, ಹೆಣ್ಣುಕೂಸಿಗಾದರೆ ಸರಿಯಾಗಿ ನಡುವೆ ಗುರುತು ಹಾಕಿ.

ಹೀರುವ ವೇಗ ಮತ್ತು ಮರಳುವ ತೇವ

ಪರೀಕ್ಷೆಯ ಜೀವಾಳ ಇಲ್ಲಿದೆ, ಅವಸರ ಮಾಡಬೇಡಿ. ಕೆಳಗಿನ ಅಂಕಿ ಎಂ ಅಳತೆಯ ಡೈಪರ್‌ಗೆ.

1. ಪ್ಯಾಂಟ್ ಮಾದರಿಯಾದರೆ ಬದಿಗಳನ್ನು ಕತ್ತರಿಸಿ ಬಿಚ್ಚಿ. ಪ್ಲೈವುಡ್ ಹಲಗೆಯ ಮೇಲೆ ಹರಡಿ, ಇಲಾಸ್ಟಿಕ್ ಸುಕ್ಕು ಹೋಗುವಷ್ಟು ಎಳೆದು ನಾಲ್ಕೂ ಮೂಲೆಗೆ ಬಟ್ಟೆ ಕ್ಲಿಪ್ ಹಾಕಿ. ಹಲಗೆ ಸಮತಟ್ಟಾಗಿರಬೇಕು.

2. ಗುರುತಿನ ಮೇಲೆ ಪೈಪಿನ ತುಂಡು ನಿಲ್ಲಿಸಿ, ಹಗುರವಾಗಿ ಒತ್ತಿ ಹಿಡಿಯಿರಿ. ಎಲ್ಲ ಡೈಪರ್‌ಗೂ ಒಬ್ಬರೇ ಹಿಡಿಯಬೇಕು. ಕೈಯ ಒತ್ತಡ ಬದಲಾದರೆ ಸಮಯವೂ ಬದಲಾಗುತ್ತದೆ.

3. ಸಿರಿಂಜಿನಿಂದ 50 ಮಿಲಿಯನ್ನು ಐದಾರು ಸೆಕೆಂಡಿನಲ್ಲಿ ಪೈಪಿನೊಳಗೆ ಬಿಡಿ. ದ್ರಾವಣ ಮೇಲ್ಪದರಕ್ಕೆ ತಾಗಿದಾಗ ಮೊಬೈಲ್‌ನ ಸ್ಟಾಪ್‌ವಾಚ್ ಒತ್ತಿ, ಪೈಪಿನೊಳಗೆ ಹೊಳೆಯುವ ನೀರು ಪೂರ್ತಿ ಇಂಗಿದಾಗ ನಿಲ್ಲಿಸಿ. ಇದು ಮೊದಲ ಸಮಯ.

4. ಹತ್ತು ನಿಮಿಷ ಬಿಟ್ಟು ಅದೇ ಜಾಗಕ್ಕೆ ಎರಡನೇ 50 ಮಿಲಿ, ಮತ್ತೆ ಹತ್ತು ನಿಮಿಷ ಬಿಟ್ಟು ಮೂರನೆಯದು. ಮೂರೂ ಸಮಯ ಬರೆದಿಡಿ.

5. ಮೂರನೆಯದು ಇಂಗಿ ಹತ್ತು ನಿಮಿಷ ಕಳೆಯಲಿ. ಅಷ್ಟರಲ್ಲಿ ಫಿಲ್ಟರ್ ಪೇಪರ್‌ನ ಹತ್ತು ಚೌಕಗಳನ್ನು ಒಟ್ಟಿಗೆ ತೂಗಿ ಬರೆದುಕೊಳ್ಳಿ.

6. ಒದ್ದೆ ಜಾಗದ ಮೇಲೆ ಹತ್ತೂ ಚೌಕಗಳನ್ನು ಇಟ್ಟು, ಕಲ್ಲು–ಬೇಳೆಯ ಭಾರವನ್ನು ಮೆಲ್ಲಗೆ ಇಳಿಸಿ. ಸರಿಯಾಗಿ ಎರಡು ನಿಮಿಷ.

7. ಭಾರ ತೆಗೆದು ಚೌಕಗಳನ್ನು ತಕ್ಷಣ ತೂಗಿ. ಹೆಚ್ಚಾದ ಗ್ರಾಂ ಎಷ್ಟೋ ಅದೇ ಮರಳಿ ಬಂದ ತೇವ.

ಇಷ್ಟನ್ನೂ ಮೂರು ಡೈಪರ್ ಮೇಲೆ ಮಾಡಿ, ಸರಾಸರಿಯ ಜೊತೆಗೆ ಅತಿ ಕೆಟ್ಟ ಅಂಕಿಯನ್ನೂ ಬರೆಯಿರಿ. ರಾತ್ರಿಯ ಲೆಕ್ಕ ಬೇಕಾದರೆ ನಾಲ್ಕನೇ 50 ಮಿಲಿ ಹಾಕಿ, ಹತ್ತು ನಿಮಿಷ ಬಿಟ್ಟು ಹೊಸ ಚೌಕಗಳಿಂದ ಮತ್ತೊಮ್ಮೆ ಅಳೆಯಿರಿ.

ಅಂಕಿಗಳನ್ನು ಓದುವುದು ಹೀಗೆ. ಮರಳಿದ ತೇವ 0.5 ಗ್ರಾಂ ಒಳಗಿದ್ದರೆ ಮೇಲ್ಪದರ ಕೈಗೆ ಒಣಗಿದಂತೆಯೇ ಅನಿಸುತ್ತದೆ. 1ರಿಂದ 2 ಗ್ರಾಂ ಇದ್ದರೆ ತಣ್ಣನೆಯ ಪಸೆ ತಿಳಿಯುತ್ತದೆ, ಹಗಲಿಗೆ ನಡೆಯುತ್ತದೆ. 3 ಗ್ರಾಂ ದಾಟಿದ್ದನ್ನು ನಾವು ರಾತ್ರಿಗೆ ಹಾಕುವುದೇ ಬೇಡ ಎನ್ನುತ್ತೇವೆ. ಹತ್ತೂ ಚೌಕಗಳು ನೆನೆದುಹೋದರೆ ಅಳತೆ ಅಲ್ಲಿಗೇ ನಿಂತಂತೆ. ಮುಂದಿನ ಡೈಪರ್‌ಗೆ ಇಪ್ಪತ್ತು ಚೌಕ ಇಡಿ.

ಹೀರುವ ಸಮಯದಲ್ಲಿ ಮೊದಲನೆಯದಕ್ಕಿಂತ ಮೂರನೆಯದನ್ನು ನೋಡಿ. ಮೊದಲ ಸಲ 15 ಸೆಕೆಂಡ್, ಮೂರನೇ ಸಲ 25 ಸೆಕೆಂಡ್ ಆಗಿದ್ದರೆ ಡೈಪರ್ ಚೆನ್ನಾಗಿ ಹಂಚಿಕೊಳ್ಳುತ್ತಿದೆ. ಅದೇ 15 ಸೆಕೆಂಡ್ ಮೂರನೇ ಸಲ 70ಕ್ಕೆ ಹೋದರೆ ಸುರಿದ ಜಾಗದ ಜೆಲ್ ಉಬ್ಬಿ, ಹರಳುಗಳ ನಡುವಿನ ಸಂದು ಮುಚ್ಚಿದೆ. ಹಿಂಭಾಗ ಇನ್ನೂ ಒಣಗಿಯೇ ಇರುತ್ತದೆ, ಆದರೆ ಅಲ್ಲಿಗೆ ಹೋಗಲು ದಾರಿಯಿಲ್ಲ. ಉಚ್ಚೆ ಮೇಲೆಯೇ ನಿಂತು ತೊಡೆಯ ಸಂದಿನಿಂದ ಹರಿಯುತ್ತದೆ. ಹರಳುಪುಡಿ ಹೆಚ್ಚಿದ್ದರೂ ಸೋರುವ ಡೈಪರ್‌ಗಳ ಗುಟ್ಟು ಇದು. ಕತ್ತರಿಸಿ ನೋಡಿದಾಗ ಹರಡುವ ಪಟ್ಟಿ ಇಲ್ಲದ್ದು ಯಾವುದಿತ್ತೋ ಹೆಚ್ಚಾಗಿ ಅದೇ ಇಲ್ಲಿ ಸಿಕ್ಕಿಬೀಳುತ್ತದೆ.

ಇಲ್ಲಿ ತಪ್ಪುವುದು ಎರಡು ಕಡೆ. ಫ್ಯಾನ್ ತಿರುಗುತ್ತಿದ್ದರೆ ಜೇಬು ತಕ್ಕಡಿಯ ಅಂಕಿ ನಿಲ್ಲುವುದೇ ಇಲ್ಲ. ಬೇಸಿಗೆಯ ಒಣ ಗಾಳಿಗೆ ಒದ್ದೆ ಕಾಗದ ಬೇಗ ಆರುತ್ತದೆ, ಹದಿನೈದು ಸೆಕೆಂಡಿನೊಳಗೆ ತೂಗಿ ಮುಗಿಸಬೇಕು. ಕಿಟಕಿ ಮುಚ್ಚಿ, ಬೆವರಿದರೂ ಪರವಾಗಿಲ್ಲ.

ಅಳೆದಾದ ಮೇಲೆ ಅದೇ ಒದ್ದೆ ಡೈಪರ್‌ನ ಸೊಂಟದ ತುದಿ ಹಿಡಿದು ನೇರ ನಿಲ್ಲಿಸಿ, ಇಪ್ಪತ್ತು ಸಲ ಮೇಲೆ ಕೆಳಗೆ ಕುಲುಕಿ ಬೆಳಕಿಗೆ ಹಿಡಿಯಿರಿ. ತಿರುಳು ಬಿರುಕು ಬಿಟ್ಟು ಕೆಳಗೆ ಜೋತು ಬಿದ್ದಿದ್ದರೆ ಅಂಬೆಗಾಲಿಡುವ ಕೂಸಿಗೆ ಅದು ಒಗ್ಗುವುದಿಲ್ಲ. ಜೆಲ್ ಹರಳು ಮೇಲ್ಪದರದಿಂದ ಹೊರಬಂದಿದ್ದರೆ ಆ ಕಂಪನಿಯದನ್ನು ಅಲ್ಲಿಗೇ ಬಿಡಿ.

ಸೋರಿಕೆ

ಪ್ರಯೋಗಾಲಯಗಳಲ್ಲಿ ಕೂಸಿನ ಆಕಾರದ ಬೊಂಬೆಗೆ ಡೈಪರ್ ತೊಡಿಸಿ, ಒಳಗಿನ ನಳಿಕೆಯಿಂದ ದ್ರಾವಣ ಬಿಡುತ್ತಾರೆ. ಮನೆಯಲ್ಲಿ ಕೂಸಿನ ಗಾತ್ರದ ಪ್ಲಾಸ್ಟಿಕ್ ಗೊಂಬೆ ಇದ್ದರೆ ಅದೇ ಸಾಕು. ಇಲ್ಲದಿದ್ದರೆ ಎರಡು ಟವೆಲ್‌ಗಳನ್ನು ಎರಡು ತೊಡೆಗಳಂತೆ ಸುತ್ತಿ, ಮೂರನೆಯದನ್ನು ಸೊಂಟದಂತೆ ಮೇಲೆ ಕಟ್ಟಿ, ಎಲ್ಲಕ್ಕೂ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಸುತ್ತಿ. ಸಲೈನ್ ಬಾಟಲಿಯ ಹೊಸ ಐವಿ ನಳಿಕೆಯನ್ನು ಸೊಂಟದ ಕಡೆಯಿಂದ ಒಳಗೆ ಇಳಿಸಿ ಗುರುತಿನ ಜಾಗಕ್ಕೆ ಟೇಪ್‌ನಿಂದ ಅಂಟಿಸಿ. ಕೆಳಗೆ ಬಿಳಿ ಕಾಗದ ಹಾಸಿ.

ಡೈಪರ್ ತೊಡಿಸಿದ ಮೇಲೆ ಬೆರಳು ಹಾಕಿ ಒಳ ನೆರಿಗೆಯನ್ನು ಹೊರಕ್ಕೆ ಎಬ್ಬಿಸಿ. ಒಂದು ಡೈಪರ್‌ನೊಂದಿಗೆ ಅಂಗಾತ, ಇನ್ನೊಂದರೊಂದಿಗೆ ಮಗ್ಗುಲಾಗಿ ಮಲಗಿಸಿ, ಹತ್ತು ನಿಮಿಷದ ಅಂತರದಲ್ಲಿ 50 ಮಿಲಿಯಂತೆ ಬಿಡುತ್ತಾ ಹೋಗಿ. ಬಿಳಿ ಕಾಗದದ ಮೇಲೆ ಮೊದಲ ಬಣ್ಣದ ಹನಿ ಕಂಡಾಗ ಒಟ್ಟು ಎಷ್ಟು ಮಿಲಿ ಹೋಗಿತ್ತು ಎಂದು ಬರೆಯಿರಿ. ಅಂಗಾತ ಮಲಗಿದಾಗ 250 ಮಿಲಿ ತಡೆದದ್ದು ಮಗ್ಗುಲಾದಾಗ 120ಕ್ಕೇ ಸೋರಬಹುದು. ಮಗ್ಗುಲಾಗಿ ಮಲಗುವ ಕೂಸಿನವರು ಎರಡನೆಯ ಅಂಕಿಯನ್ನೇ ನಂಬಬೇಕು.

ಒಟ್ಟು ಹಿಡಿಯುವ ಪ್ರಮಾಣ

ಇದನ್ನು ಬೇಗ ಮುಗಿಸಿ. ಡೈಪರನ್ನು ಉಪ್ಪುನೀರಿನ ಬುಟ್ಟಿಯಲ್ಲಿ 30 ನಿಮಿಷ ಮುಳುಗಿಸಿ, ಹತ್ತು ನಿಮಿಷ ತೂಗುಹಾಕಿ, ತೂಗಿ, ಒಣ ತೂಕ ಕಳೆಯಿರಿ. ದೊಡ್ಡ ಅಂಕಿ ಬಂದೀತು, ಹಿಗ್ಗಬೇಡಿ. ಕೂಸಿನ ಮೈಮೇಲೆ ಡೈಪರ್ ಇಷ್ಟು ತುಂಬುವ ಮೊದಲೇ ಎಲ್ಲಾದರೂ ಸೋರಿರುತ್ತದೆ. ಒದ್ದೆಯಾದದ್ದನ್ನು ವಾಷಿಂಗ್ ಮಷಿನ್‌ಗೆ ಹಾಕಿ ಹಿಂಡುವ ಸಾಹಸ ಬೇಡ. ಹರಿದು ಜೆಲ್ ಒಳಗೆಲ್ಲ ಮೆತ್ತಿಕೊಂಡರೆ ತೆಗೆಯುವುದು ಕಷ್ಟ.

ಗಾಳಿಯಾಡುತ್ತದೆಯೇ

ನಮ್ಮ ಬಿಸಿಲಿಗೆ ಈ ಪರೀಕ್ಷೆಯನ್ನು ಬಿಡುವಂತಿಲ್ಲ. ಕತ್ತರಿಸಿದ ಡೈಪರ್‌ನ ಹೊರ ಪದರದಲ್ಲಿ ತಿರುಳು ಅಂಟಿರದ ಒಂದು ತುಂಡು ತೆಗೆಯಿರಿ. ಗಾಜಿನ ಲೋಟಕ್ಕೆ ಅರ್ಧದವರೆಗೆ ಬಿಸಿ ನೀರು ಹಾಕಿ, ಬಾಯಿಗೆ ಆ ತುಂಡನ್ನು ಬಿಗಿದು ರಬ್ಬರ್ ಬ್ಯಾಂಡ್ ಹಾಕಿ. ಅದರ ಮೇಲೆ ತಣ್ಣಗಿನ ಒಣ ಲೋಟವನ್ನು ಬೋರಲು ಹಾಕಿ. ಹತ್ತು ನಿಮಿಷದಲ್ಲಿ ಮೇಲಿನ ಲೋಟದ ಒಳಗೆ ಮಂಜು ಕಟ್ಟಿದರೆ ಆವಿ ದಾಟುತ್ತಿದೆ. ಗಾಜು ತಿಳಿಯಾಗಿಯೇ ಉಳಿದರೆ ಅದು ಬರೀ ಪ್ಲಾಸ್ಟಿಕ್ ಚೀಲ. ಏಪ್ರಿಲ್‌ನಲ್ಲಿ ಅದರೊಳಗೆ ಕೂಸಿನ ಮೈ ಬೆಂದುಹೋಗುತ್ತದೆ, ಬೆವರುಸಾಲೆ ಮೊದಲು ಸೊಂಟದ ಸುತ್ತ ಏಳುತ್ತದೆ. ಎಲ್ಲ ಕಂಪನಿಯ ಲೋಟಗಳನ್ನು ಒಟ್ಟಿಗೇ ಸಾಲಾಗಿಟ್ಟರೆ ಮಂಜಿನ ದಟ್ಟಣೆಯ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಹಳದಿ ಗೆರೆ ನೀಲಿಯಾಗುವ ಗುರುತಿನ ಬಗ್ಗೆ ಒಂದು ಮಾತು. ಡೈಪರ್ ಒದ್ದೆಯಾಗಿದೆ ಎಂದಷ್ಟೇ ಅದು ಹೇಳುತ್ತದೆ, ತುಂಬಿದೆ ಎಂದಲ್ಲ. ಸೆಕೆ, ತೇವದ ಜಾಗದಲ್ಲಿ ಬಹಳ ದಿನ ಇಟ್ಟ ಪ್ಯಾಕಿನಲ್ಲಿ ತೊಡಿಸುವ ಮೊದಲೇ ಗೆರೆ ಹಸಿರಿಗೆ ತಿರುಗಿರಲೂಬಹುದು.

ಕೂಸಿನ ಮೇಲೆ ಹೋಲಿಕೆ

ಮೇಲಿನ ಪರೀಕ್ಷೆಯಲ್ಲಿ ಗೆದ್ದ ಎರಡನ್ನು ಮಾತ್ರ ಇಲ್ಲಿಗೆ ತನ್ನಿ. ಮೂರು ನಾಲ್ಕು ಕಂಪನಿಗಳನ್ನು ಒಟ್ಟಿಗೆ ತಂದರೆ ದದ್ದು ಎದ್ದಾಗ ಯಾವುದರಿಂದ ಎಂದು ತಿಳಿಯದು.

ಮೊದಲು ಅಳತೆ. ಪ್ಯಾಂಟ್ ಮಾದರಿಗಳಲ್ಲಿ ಎಸ್ 4ರಿಂದ 8 ಕೆಜಿ, ಎಂ 7ರಿಂದ 12, ಎಲ್ 9ರಿಂದ 14, ಎಕ್ಸ್‌ಎಲ್ 12ರಿಂದ 17 ಎಂದು ಸಾಮಾನ್ಯವಾಗಿ ಬರೆದಿರುತ್ತಾರೆ. ಅಂಕಿಗಳು ಒಂದರೊಳಗೊಂದು ಸೇರುವುದನ್ನು ಗಮನಿಸಿ. 7.5 ಕೆಜಿಯ ಕೂಸಿಗೆ ಎಸ್ ಕೂಡ ಸರಿ, ಎಂ ಕೂಡ ಸರಿ. ತೊಡೆಯ ಸುತ್ತ ಒಂದು ಬೆರಳು, ಸೊಂಟದಲ್ಲಿ ಎರಡು ಬೆರಳು ಹೋಗಬೇಕು. ಬಿಚ್ಚಿ ಅರ್ಧ ತಾಸಾದರೂ ಇಲಾಸ್ಟಿಕ್ ಗುರುತು ಕೆಂಪಗೇ ಉಳಿದಿದ್ದರೆ ಚಿಕ್ಕದಾಯಿತು.

ಎ ಮತ್ತು ಬಿ ಎರಡನ್ನೂ ಹಗಲಿಗೆ ತಲಾ ಹನ್ನೆರಡು, ರಾತ್ರಿಗೆ ತಲಾ ನಾಲ್ಕರಂತೆ ಬಳಸಿ. ಸರದಿ ಎ, ಬಿ, ಬಿ, ಎ ಎಂದಿರಲಿ. ವಾರವಿಡೀ ಎ, ಮುಂದಿನ ವಾರವಿಡೀ ಬಿ ಎಂದು ಮಾಡಿದರೆ ನಡುವೆ ಬಿಸಿಲು ಏರಿದ್ದು, ಹೊಸ ಊಟ ಶುರುವಾದದ್ದು ಎಲ್ಲ ಲೆಕ್ಕದೊಳಗೆ ಸೇರಿಹೋಗುತ್ತದೆ. ಭೇದಿ, ಜ್ವರ ಇದ್ದಾಗ, ಆಂಟಿಬಯಾಟಿಕ್ ನಡೆಯುತ್ತಿರುವಾಗ ಹೋಲಿಕೆ ನಿಲ್ಲಿಸಿ.

ಪ್ರತಿ ಸಲ ಬರೆಯಬೇಕಾದದ್ದು: ಯಾವ ಕಂಪನಿ, ಹಾಕಿದ ಹೊತ್ತು, ತೆಗೆದ ಹೊತ್ತು, ತೆಗೆದಾಗಿನ ತೂಕ, ಸೋರಿದ ಜಾಗ, ಚರ್ಮದ ಸ್ಥಿತಿ. ತೆಗೆದ ತೂಕದಲ್ಲಿ ಒಣ ತೂಕ ಕಳೆದರೆ ಉಚ್ಚೆಯ ಪ್ರಮಾಣ ಸಿಗುತ್ತದೆ, ಒಂದು ಗ್ರಾಂ ಅಂದರೆ ಸುಮಾರು ಒಂದು ಮಿಲಿ. ಕಕ್ಕ ಇದ್ದ ಡೈಪರ್ ತೂಕವನ್ನು ಬಿಟ್ಟುಬಿಡಿ. ಸೋರಿಕೆಗೆ ಮೂರು ಮಟ್ಟ ಸಾಕು: ಇಲ್ಲದಿದ್ದರೆ 0, ಬಟ್ಟೆಯ ಮೇಲೆ ನಾಣ್ಯದಷ್ಟು ಕಲೆ ಇದ್ದರೆ 1, ಕೌದಿಯವರೆಗೆ ಒದ್ದೆಯಾದರೆ 2. ಕೂಸು ಅಜ್ಜಿಯ ಬಳಿ ಇದ್ದಾಗ ಅಜ್ಜಿಯೇ ಹೇಳಿ ಬರೆಸಲಿ. ಸಂಜೆ ನೆನಪಿನಿಂದ ತುಂಬಿಸಿದ ಪಟ್ಟಿ ಕೆಲಸಕ್ಕೆ ಬಾರದು.

ಈ ತೂಕಗಳಿಂದಲೇ ಸೋರಿಕೆಯ ಕಾರಣ ಹೊರಬೀಳುತ್ತದೆ. ಡೈಪರ್‌ನಲ್ಲಿ 60–70 ಗ್ರಾಂ ಮಾತ್ರ ಇದ್ದು ತೊಡೆಯಿಂದ ಸೋರಿದ್ದರೆ ಹಿಡಿಯುವ ಶಕ್ತಿಯ ದೋಷವಲ್ಲ. ಅಳತೆ ದೊಡ್ಡದಾಗಿದೆ, ಒಳ ನೆರಿಗೆ ಮಡಚಿಕೊಂಡಿದೆ, ಇಲ್ಲವೇ ಹೀರುವ ವೇಗ ಸಾಲದು. 200 ಗ್ರಾಂ ದಾಟಿದ ಮೇಲೆ ಸೋರಿದರೆ ಬದಲಿಸುವುದು ತಡವಾಗಿದೆ. ಗಂಡುಕೂಸಿನ ಹೊಟ್ಟೆಯ ಮೇಲಿನಿಂದ ಸೋರಿದರೆ ತೊಡಿಸುವಾಗ ಮೂತ್ರಾಂಗ ಮೇಲ್ಮುಖವಾಗಿತ್ತು, ಅದನ್ನು ಕೆಳಮುಖ ಮಾಡಿ ತೊಡಿಸಬೇಕು. ಬೆನ್ನಿನ ಕಡೆ ಸೋರುವುದು ಹೆಚ್ಚಾಗಿ ತೆಳು ಕಕ್ಕ. ಅಲ್ಲಿ ಸೊಂಟದ ಇಲಾಸ್ಟಿಕ್ ನೋಡಿ.

ನಮ್ಮ ಕಡೆ ಕೂಸಿಗೆ ಎಣ್ಣೆ ಹಚ್ಚಿ ಎರೆಯುವುದು ದಿನದ ಪದ್ಧತಿ, ಒಳ್ಳೆಯದೇ. ಆದರೆ ತೊಡೆಸಂದಿನಲ್ಲಿ ಉಳಿದ ಎಣ್ಣೆ ಮೇಲ್ಪದರಕ್ಕೆ ಹತ್ತಿಕೊಂಡರೆ ಉಚ್ಚೆ ಒಳಗಿಳಿಯುವುದು ನಿಧಾನವಾಗುತ್ತದೆ. ದಪ್ಪಗೆ ಮೆತ್ತಿದ ಮುಲಾಮಿನದೂ ಇದೇ ಕಥೆ. ಚೆನ್ನಾಗಿ ತೊಳೆದು, ಒತ್ತಿ ಒರೆಸಿ, ಐದು ನಿಮಿಷ ಗಾಳಿಗೆ ಬಿಟ್ಟು ಆಮೇಲೆ ತೊಡಿಸಿ. ಪೌಡರ್ ಹಾಕಬೇಡಿ, ಅದರ ಧೂಳು ಕೂಸಿನ ಶ್ವಾಸಕ್ಕೆ ಹೋಗುತ್ತದೆ.

ಪ್ರಯಾಣದ ದಿನವನ್ನೂ ಹೋಲಿಕೆಯಲ್ಲಿ ಸೇರಿಸಿ. ಕಲಬುರಗಿಯಿಂದ ಬೀದರ್‌ಗೆ ಬಸ್ಸಿನಲ್ಲಿ ಸುಮಾರು ಮೂರು ತಾಸು ಕೂಸು ತೊಡೆಯ ಮೇಲೆ ಕೂತೇ ಇರುತ್ತದೆ. ಭಾರವೆಲ್ಲ ಒದ್ದೆ ಜೆಲ್ ಮೇಲೆ. ಮರಳುವ ತೇವದ ಪರೀಕ್ಷೆಯಲ್ಲಿ ಹಿಂದೆ ಬಿದ್ದದ್ದು ಹುಮನಾಬಾದ್ ಬರುವಷ್ಟರಲ್ಲಿ ತನ್ನ ಗುಣ ತೋರಿಸುತ್ತದೆ.

ಚರ್ಮವನ್ನು ಪ್ರತಿ ಸಲ ಒಂದೇ ಬೆಳಕಿನಲ್ಲಿ ನೋಡಿ. ಉಚ್ಚೆ ಮತ್ತು ಕಕ್ಕ ಕೂಡಿದಾಗ ಅಮೋನಿಯಾ ಹುಟ್ಟಿ ಚರ್ಮದ ಆಮ್ಲೀಯತೆ ತಗ್ಗುತ್ತದೆ, ಕಕ್ಕದಲ್ಲಿರುವ ಕಿಣ್ವಗಳು ಆಗ ಚುರುಕಾಗಿ ಚರ್ಮವನ್ನು ಕೆರೆಯುತ್ತವೆ. ಹಾಗಾಗಿ ಎಷ್ಟೇ ಒಳ್ಳೆಯ ಡೈಪರ್ ಆದರೂ ಕಕ್ಕ ಮಾಡಿದ ಕೂಡಲೇ ಬದಲಿಸಬೇಕು, ಹಗಲು ಮೂರು ನಾಲ್ಕು ತಾಸಿಗೊಮ್ಮೆ ಬದಲಿಸಬೇಕು. ತೊಡೆಯ ಮಡಿಕೆಯೊಳಗೇ ಕೆಂಪಾಗಿ ಸುತ್ತ ಚಿಕ್ಕ ಚಿಕ್ಕ ಗುಳ್ಳೆ ಹರಡಿದ್ದರೆ ಅದು ಶಿಲೀಂಧ್ರದ ಸೋಂಕು ಇರಬಹುದು. ಹೋಲಿಕೆ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಬೇಸಿಗೆಯಲ್ಲಿ ಆರು ತಾಸು ಕಳೆದರೂ ಡೈಪರ್ ತೂಕ ಏರದಿದ್ದರೆ ಅದನ್ನು ಡೈಪರ್‌ನ ಹೆಚ್ಚುಗಾರಿಕೆ ಎಂದುಕೊಳ್ಳಬೇಡಿ. ಕೂಸಿನ ಮೈಯಲ್ಲಿ ನೀರು ಕಡಿಮೆಯಾಗಿರಬಹುದು, ತಡಮಾಡದೆ ಆಸ್ಪತ್ರೆಗೆ ಹೋಗಿ.

ಬೆಲೆಯ ಲೆಕ್ಕ

ಪ್ಯಾಕಿನ ಬೆಲೆಯನ್ನು ಸಂಖ್ಯೆಯಿಂದ ಭಾಗಿಸಿ ಒಂದರ ಬೆಲೆ ತೆಗೆಯಿರಿ. ಉದಾಹರಣೆಗೆ ಎ ಒಂದಕ್ಕೆ 10 ರೂ., ಬಿ ಒಂದಕ್ಕೆ 14 ರೂ. ಎಂದಿಟ್ಟುಕೊಳ್ಳಿ. ಹಗಲು ಎರಡನ್ನೂ ಮೂರು ತಾಸಿಗೊಮ್ಮೆ ಬದಲಿಸುತ್ತೀರಿ, ಹಾಗಾಗಿ ಬಿಗೆ ಕೊಡುವ ಹೆಚ್ಚಿನ 4 ರೂ. ಹಗಲಿನಲ್ಲಿ ದಂಡ. ರಾತ್ರಿ ಎ ನಡುವೆ ಸೋರಿ ಎರಡು ಬೇಕಾದರೆ 20 ರೂ., ಬಿ ಒಂದೇ ಸಾಕಾದರೆ 14 ರೂ. ಮೂರನೇ ಸುರಿತದ ನಂತರವೂ ಒಣಗಿದ್ದದ್ದು ರಾತ್ರಿಗೆ, ಪ್ರಯಾಣಕ್ಕೆ. ಅಗ್ಗದ್ದಾದರೂ ಗಾಳಿಯಾಡುವುದು ಹಗಲಿಗೆ. ಎರಡು ಬಗೆ ಇಟ್ಟುಕೊಳ್ಳುವುದರಲ್ಲಿ ತಪ್ಪಿಲ್ಲ.

ಮನೆಯಲ್ಲಿ ಆಗದ್ದು

ರಾಸಾಯನಿಕಗಳ ಪರೀಕ್ಷೆ ಮನೆಯಲ್ಲಿ ಸಾಧ್ಯವಿಲ್ಲ. 2019ರಲ್ಲಿ ಫ್ರಾನ್ಸಿನ ಸರ್ಕಾರಿ ಆರೋಗ್ಯ ಸುರಕ್ಷತಾ ಸಂಸ್ಥೆ ಆನ್ಸೆಸ್ ಅಲ್ಲಿನ ಡೈಪರ್‌ಗಳಲ್ಲಿ ಫಾರ್ಮಾಲ್ಡಿಹೈಡ್, ಸುಗಂಧದ ರಾಸಾಯನಿಕ, ಡಯಾಕ್ಸಿನ್‌ನಂಥವನ್ನು ಪರಿಶೀಲಿಸಿ, ಅವುಗಳನ್ನು ತೆಗೆಯಬೇಕು ಇಲ್ಲವೇ ತಗ್ಗಿಸಬೇಕು ಎಂದು ಹೇಳಿತ್ತು. ಇಂಥದ್ದಕ್ಕೆ ವಿಶೇಷ ಯಂತ್ರಗಳು ಬೇಕು. ನೀವು ಮಾಡಬಹುದಾದದ್ದು ಮೂಸಿ ನೋಡುವುದು. ಘಮಘಮಿಸುವ ಡೈಪರ್‌ಗಿಂತ ವಾಸನೆಯೇ ಇಲ್ಲದ್ದು ಮೇಲು.

ಭಾರತದಲ್ಲಿ ಬಳಸಿ ಎಸೆಯುವ ಮಕ್ಕಳ ಡೈಪರ್‌ಗೆ ಐಎಸ್ 17509 ಎಂಬ ಮಾನದಂಡವಿದೆ. ಪ್ಯಾಕಿನ ಮೇಲೆ ಐಎಸ್‌ಐ ಗುರುತು, ಅದರ ಮೇಲೆ ಈ ಸಂಖ್ಯೆ, ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇದೆಯೇ ನೋಡಿ. ಆ ಸಂಖ್ಯೆಯನ್ನು ಮೊಬೈಲ್‌ನ ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಪರವಾನಗಿ ಯಾರದು, ಚಾಲ್ತಿಯಲ್ಲಿದೆಯೇ ಎಂದು ತೋರಿಸುತ್ತದೆ. ತಯಾರಕರ ಹೆಸರೂ ಇಲ್ಲದೆ ಬಿಡಿಯಾಗಿ ಮಾರುವ ಡೈಪರ್‌ಗೆ ಇದ್ಯಾವುದೂ ಇರುವುದಿಲ್ಲ. ಅದು ಎಷ್ಟೇ ಅಗ್ಗವಾದರೂ ಕೂಸಿನ ಮೈಗೆ ಬೇಡ. ಅಂಗಡಿಯವರು, ಸ್ವಸಹಾಯ ಸಂಘದವರು ದೊಡ್ಡ ಪ್ರಮಾಣದಲ್ಲಿ ಕೊಳ್ಳುವ ಮೊದಲು ವೈದ್ಯಕೀಯ ಜವಳಿ ಪರೀಕ್ಷಿಸುವ ಕೊಯಮತ್ತೂರಿನ ಸಿಟ್ರಾದಂಥ ಸಂಸ್ಥೆಗೆ ಮಾದರಿ ಕಳಿಸಿ ವರದಿ ತರಿಸಿಕೊಳ್ಳುವುದು ಒಳ್ಳೆಯದು.

ಕೆಟ್ಟ ಪ್ಯಾಕ್ ಸಿಕ್ಕರೆ ಪ್ಯಾಕಿನ ಕವರ್, ಬ್ಯಾಚ್ ಸಂಖ್ಯೆ, ಬಿಲ್ಲು, ನಿಮ್ಮ ತೂಕದ ಪಟ್ಟಿ, ಬಳಸದ ಎರಡು ಡೈಪರ್ ಎತ್ತಿಡಿ. ಮೊದಲು ಪ್ಯಾಕಿನ ಮೇಲಿನ ಗ್ರಾಹಕ ಸೇವೆಯ ಸಂಖ್ಯೆಗೆ, ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಳೆದ ಅಂಕಿ ಕೈಯಲ್ಲಿದ್ದರೆ ದೂರಿಗೆ ತೂಕ ಬರುತ್ತದೆ.

ಪರೀಕ್ಷೆ ಮುಗಿದ ಮೇಲೆ ಉಳಿದ ಜೆಲ್ಲನ್ನು ಬಚ್ಚಲಿಗಾಗಲಿ ಸಂಡಾಸಿಗಾಗಲಿ ಹಾಕಬೇಡಿ, ಉಬ್ಬಿ ಪೈಪು ಕಟ್ಟಿಕೊಳ್ಳುತ್ತದೆ. ನೆಲದ ಮೇಲೆ ಬಿದ್ದ ಜೆಲ್ ಮೇಲೆ ಒಂದು ಹಿಡಿ ಉಪ್ಪು ಉದುರಿಸಿ ಹತ್ತು ನಿಮಿಷ ಬಿಟ್ಟರೆ ನೀರು ಬಿಟ್ಟುಕೊಟ್ಟು ಕುಗ್ಗುತ್ತದೆ. ಆಗ ಹಳೆಯ ಕಾಗದದಿಂದ ಬಳಿದು ತೆಗೆಯಿರಿ. ಬಳಸಿದ ಡೈಪರ್‌ನ ಕಕ್ಕವನ್ನು ಸಂಡಾಸಿಗೆ ಹಾಕಿ, ಡೈಪರನ್ನು ಒಳಮುಖವಾಗಿ ಸುತ್ತಿ, ಪತ್ರಿಕೆಯಲ್ಲಿ ಕಟ್ಟಿ, ಹಸಿ ಕಸಕ್ಕೆ ಬೆರೆಸದೆ ಕಸದ ಗಾಡಿಯವರ ಕೈಗೆ ಬೇರೆಯಾಗಿ ಕೊಡಿ. ಕಟ್ಟಿದ್ದರ ಮೇಲೆ ಕೆಂಪು ಪೆನ್ನಿನಿಂದ ಒಂದು ಗುರುತು ಹಾಕಿದರೆ ಕಸ ಬೇರ್ಪಡಿಸುವವರು ಅದನ್ನು ಬಿಚ್ಚಿ ನೋಡಬೇಕಾಗುವುದಿಲ್ಲ.